ಕುಂದಗೋಳದ ಅಹೋರಾತ್ರಿ

ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಹೊರಟ ರೈಲಿನಲ್ಲಿ ಕುಳಿತ ಪ್ರವಾಸಿಯ ಕಣ್ಣನ್ನು ಹಿಡಿದು ನಿಲ್ಲಿಸುವಂಥ ಊರಲ್ಲ ಕುಂದಗೋಳ. ಅಲ್ಲಿ ಬೆಟ್ಟದ ಸೊಬಗಿಲ್ಲ, ಹೊಳೆಯ ತಂಪಿಲ್ಲ. ಕಿಟಕಿಯ ಎರಡೂ ಬದಿಗೆ ಎರೆಯ ಹೊಲಗಳು ಬಾನಂಚಿನವರೆಗೆ ಹಾಸಿಕೊಂಡಿವೆ. ಮುಂಗಾರಿನಲ್ಲಿ ಶೇಂಗಾ, ಹತ್ತಿ, ಮೆಣಸಿನಕಾಯಿ. ಹಿಂಗಾರಿನಲ್ಲಿ ಬಿಳಿಜೋಳ, ಕಡಲೆ. ಮಳೆ ಬಿದ್ದರೆ ಕಾಲಿಗೆ ಮೆತ್ತಿಕೊಂಡು ಹೆಜ್ಜೆ ಕೀಳಗೊಡದ ಮಣ್ಣು. ಬಿಸಿಲು ಬಿದ್ದರೆ ಬಾಯಿಬಿಡುವ ಮಣ್ಣು. ಊರೊಳಗೆ ಚಾಲುಕ್ಯರ ಕಾಲದ ಶಂಭುಲಿಂಗನ ಗುಡಿಯೊಂದಿದೆ. ಅದನ್ನು ನೋಡಿ, ಪೇಟೆಯಲ್ಲಿ ಒಂದು ಕಪ್ಪು ಚಹಾ ಕುಡಿದು ಮುಂದಿನ ಗಾಡಿಗೆ ಹೊರಟುಬಿಡುವ ಯಾತ್ರಿಕನನ್ನು ಯಾರೂ ತಡೆಯಲಾರರು.

ಆದರೆ ಹಿಂದುಸ್ತಾನಿ ಸಂಗೀತವನ್ನು ಪ್ರೀತಿಸುವವರು, ಅವರು ಪುಣೆಯವರಿರಲಿ ಕಲಕತ್ತೆಯವರಿರಲಿ, ಈ ಊರಿನ ಹೆಸರು ಕೇಳಿದೊಡನೆ ಕೈಯೆತ್ತಿ ಮುಗಿಯುತ್ತಾರೆ. ಕಿರಾಣಾ ಘರಾಣೆಯ ಗಾಯನವು ಉತ್ತರದಿಂದ ಬಂದು ಕನ್ನಡದ ನೆಲದಲ್ಲಿ ಬೇರೂರಿದ ಊರುಗಳಲ್ಲಿ ಇದು ಮುಖ್ಯವಾದುದು. ಸವಾಯಿ ಗಂಧರ್ವರ ಪುಣ್ಯತಿಥಿಯ ನಿಮಿತ್ತವಾಗಿ, ಮಳೆಗಾಲ ಹಿಂದೆಗೆಯುವ ಹೊತ್ತಿಗೆ, ಇಲ್ಲಿಯ ನಾಡಿಗೇರರ ವಾಡೆಯಲ್ಲಿ ದಶಕಗಳ ಕಾಲ ನಡೆದುಬಂದ ಅಹೋರಾತ್ರಿ ಸಂಗೀತೋತ್ಸವವು ಆ ಋಣದ ಸ್ಮರಣೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಆರಂಭವಾದ ಗಾಯನ ಮರುದಿನ ಬಿಸಿಲೇರುವವರೆಗೆ ಸಾಗುತ್ತದೆ. ಇಂಥ ರಾತ್ರಿಯೊಂದನ್ನು ಪೂರ್ತಿಯಾಗಿ ಕಂಡವರು ಮನೆಗೆ ಮರಳುವಾಗ ಹಾಡುಗಳ ನೆನಪಿನೊಂದಿಗೆ ಇನ್ನೊಂದನ್ನೂ ಹೊತ್ತುಕೊಂಡು ಹೋಗುತ್ತಾರೆ: ಕಾಲವು ಹೇಗೆ ಸರಿಯುತ್ತದೆಂಬುದರ ಅನುಭವವನ್ನು.

ವಾಡೆಯೂ ರೈಲುದಾರಿಯೂ

ಕುಂದಗೋಳವು ಸ್ವಾತಂತ್ರ್ಯಪೂರ್ವದಲ್ಲಿ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಪಟವರ್ಧನ ಮನೆತನದ ಜಮಖಂಡಿ, ಸಾಂಗಲಿ, ಮಿರಜ ಸಂಸ್ಥಾನಗಳು ಗಾತ್ರದಲ್ಲಿ ಸಣ್ಣವಾದರೂ ಸಂಗೀತಗಾರರಿಗೆ ಆಶ್ರಯವಿತ್ತ ಕೀರ್ತಿಗೆ ಪಾತ್ರವಾದವು. ಸಂಸ್ಥಾನಗಳ ಈ ಅಭಿರುಚಿ ಅರಮನೆಯಿಂದ ಇಳಿದು ವತನದಾರರ ವಾಡೆಗಳಿಗೂ ಹಬ್ಬಿತು. ಮರಾಠಿ ಸಂಗೀತ ನಾಟಕ ಮಂಡಳಿಗಳು ಹುಬ್ಬಳ್ಳಿ-ಧಾರವಾಡಗಳಲ್ಲಿ ಬೀಡುಬಿಟ್ಟಾಗ ನಾಟ್ಯಗೀತಗಳು ಅಂಗಡಿಯ ಗಲ್ಲೆಯವರೆಗೂ ತಲುಪಿದವು. ಭಾಸ್ಕರಬುವಾ ಬಖಲೆಯವರಂಥ ಮಹಾಗಾಯಕರು ಧಾರವಾಡದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಸಂಗೀತ ಕಲಿಸಿದರು. ಹೀಗೆ ನೆಲ ಹದವಾಗಿತ್ತು.

ಬೀಜ ಬಂದದ್ದು ರೈಲಿನಲ್ಲಿ. ಉತ್ತರ ಪ್ರದೇಶದ ಕೈರಾನಾ ಎಂಬ ಊರಿನಲ್ಲಿ ೧೮೭೨ರಲ್ಲಿ ಹುಟ್ಟಿದ ಉಸ್ತಾದ್ ಅಬ್ದುಲ್ ಕರೀಮ್ ಖಾನರು ಬರೋಡೆಯ ಆಸ್ಥಾನವನ್ನು ಬಿಟ್ಟು ದಕ್ಷಿಣಕ್ಕೆ ಸರಿದು, ಕಡೆಗೆ ಮಿರಜಿನಲ್ಲಿ ನೆಲೆನಿಂತರು. ಮೈಸೂರಿನ ದಸರಾ ದರಬಾರಿಗೆ ಅವರು ಹೋಗಿಬರುತ್ತಿದ್ದ ಹಾದಿಯಲ್ಲಿಯೇ ಧಾರವಾಡ, ಹುಬ್ಬಳ್ಳಿ, ಕುಂದಗೋಳಗಳಿದ್ದವು. ಹಾದಿಯ ಮೇಲಿನ ಊರುಗಳಲ್ಲಿ ಇಳಿಯುವುದು, ಕೆಲದಿನ ತಂಗುವುದು, ಹಾಡುವುದು, ಮತ್ತೆ ಗಾಡಿ ಹಿಡಿಯುವುದು ಅವರಿಗೆ ರೂಢಿಯಾಯಿತು. ಕುಂದಗೋಳದಲ್ಲಿ ಅವರಿಗಾಗಿ ನಾಡಿಗೇರರ ವಾಡೆಯ ಬಾಗಿಲು ಸದಾ ತೆರೆದಿತ್ತು. ದಕ್ಷಿಣದ ಸಂಗೀತವನ್ನು ಕಿವಿಗೊಟ್ಟು ಕೇಳಿ, ಅದರ ಸ್ವರಪ್ರಸ್ತಾರದ ಸೊಗಸನ್ನು ತಮ್ಮ ಗಾಯನಕ್ಕೆ ಬೆಸೆದುಕೊಂಡವರು ಖಾನಸಾಹೇಬರು. ತ್ಯಾಗರಾಜರ ಕೃತಿಯನ್ನು ಧ್ವನಿಮುದ್ರಿಕೆಯಲ್ಲಿ ಹಾಡಿದ ಉತ್ತರಾದಿ ಉಸ್ತಾದರೆಂಬ ವಿಶೇಷವೂ ಅವರದು. ಅವರ ಜೀವನ ಕೊನೆಗೊಂಡದ್ದೂ ರೈಲಿನ ಹಾದಿಯಲ್ಲಿಯೇ. ೧೯೩೭ರ ಅಕ್ಟೋಬರಿನಲ್ಲಿ ಮದರಾಸಿನಿಂದ ಪಾಂಡಿಚೇರಿಗೆ ಹೋಗುತ್ತಿದ್ದಾಗ ಎದೆನೋವು ಕಾಣಿಸಿ, ಸಿಂಗಪೆರುಮಾಳ್ ಕೋವಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದು, ಅಲ್ಲಿಯೇ ಪ್ರಾಣಬಿಟ್ಟರು.

ಖಾನಸಾಹೇಬರ ಗಾಯನಕ್ಕೆ ಮರುಳಾದ ಕುಂದಗೋಳದ ಹುಡುಗನೊಬ್ಬ ಅವರ ಶಿಷ್ಯನಾದ. ಆತನೇ ೧೮೮೬ರಲ್ಲಿ ಹುಟ್ಟಿದ ರಾಮಚಂದ್ರ ಗಣೇಶ ಸಂಶಿ. ಜನರ ಬಾಯಲ್ಲಿ ರಾಮಭಾವೂ ಕುಂದಗೋಳಕರ್. ಈ ಶಿಷ್ಯನ ಕಂಠ ಗುರುವಿನಂತೆ ಬೆಣ್ಣೆಯ ಕಂಠವಾಗಿರಲಿಲ್ಲವೆಂದು ತಿಳಿದವರು ಬರೆದಿದ್ದಾರೆ. ಆ ದನಿಯನ್ನು ವರ್ಷಾನುಗಟ್ಟಲೆ ಸಾಧನೆಯಿಂದ ಪಳಗಿಸಬೇಕಾಯಿತು. ಮುಂದೆ ದೊಡ್ಡ ಗಾಯಕರಾದ ಮೇಲೂ ಬೈಠಕ್ಕಿನ ಮೊದಲಿಗೆ ಅವರ ದನಿ ಒರಟಾಗಿಯೇ ಇರುತ್ತಿತ್ತಂತೆ. ಹೊತ್ತು ಸರಿದಂತೆ ಅದು ಕಾಯ್ದು, ತೆರೆದು, ಹರಿಯಲಾರಂಭಿಸಿದಾಗ ಎದುರಿಗೆ ಕುಳಿತವರು ಮನೆಯನ್ನು ಮರೆಯುತ್ತಿದ್ದರು. ಅವಸರದ ಕೇಳುಗನಿಗೆ ಅವರು ದಕ್ಕುವಂತಿರಲಿಲ್ಲ. ತಾಳ್ಮೆಯಿಂದ ಕಾದು ಕುಳಿತವನಿಗೆ ಮಾತ್ರ ಪೂರ್ತಿ ಸಿಗುತ್ತಿದ್ದರು.

ಗುರುಗಳ ಇಷ್ಟಕ್ಕೆ ವಿರುದ್ಧವಾಗಿ ರಾಮಭಾವೂ ಮರಾಠಿ ರಂಗಭೂಮಿಯನ್ನು ಸೇರಿದರು; ಸ್ತ್ರೀಪಾತ್ರಗಳಲ್ಲಿ ಹಾಡಿ ಹೆಸರಾದರು. ಆಗ ಬಾಲಗಂಧರ್ವರ ಖ್ಯಾತಿ ಮುಗಿಲು ಮುಟ್ಟಿದ್ದ ಕಾಲ. ಅಮರಾವತಿಯಲ್ಲಿ ಇವರ ಗಾಯನವನ್ನು ಕೇಳಿ ಮೆಚ್ಚಿದ ದಾದಾಸಾಹೇಬ ಖಾಪರ್ಡೆಯವರು 'ಸವಾಯಿ ಗಂಧರ್ವ' ಎಂದು ಕರೆದರು. ಸವಾಯಿ ಎಂದರೆ ಒಂದೂಕಾಲು. ಒಂದು ಕಾಲು ಭಾಗ ಹೆಚ್ಚಿನ ಆ ಹೆಸರೇ ಉಳಿಯಿತು, ಹುಟ್ಟುಹೆಸರು ಮರೆಯಾಯಿತು.

ಸಂಜೆಯ ಗಾಡಿ

ನಾಟಕದ ತಿರುಗಾಟ ಮುಗಿಸಿ ಸವಾಯಿ ಗಂಧರ್ವರು ಕುಂದಗೋಳಕ್ಕೆ ಮರಳಿದ ಮೇಲೆ, ೧೯೩೦ರ ದಶಕದ ಕೊನೆಯ ವರ್ಷಗಳಲ್ಲಿ, ಈ ಸಣ್ಣ ನಿಲ್ದಾಣದಲ್ಲಿ ತರುಣಿಯೊಬ್ಬಳು ಹುಬ್ಬಳ್ಳಿಯ ಗಾಡಿಯಿಂದ ಇಳಿಯುತ್ತಿದ್ದಳು. ಆಕೆ ಗಂಗೂಬಾಯಿ ಹಾನಗಲ್. ಧಾರವಾಡದಲ್ಲಿ ೧೯೧೩ರಲ್ಲಿ ಹುಟ್ಟಿ, ೧೯೨೪ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರು ಸ್ವಾಗತಗೀತೆ ಹಾಡಿದ ಬಾಲಿಕೆ ಆಕೆ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ವಿದುಷಿ. ಸ್ವತಃ ಅಬ್ದುಲ್ ಕರೀಮ್ ಖಾನರು ಆಕೆಯ ಹಾಡು ಕೇಳಲು ಮನೆಗೆ ಬರುತ್ತಿದ್ದರು. ಮಗಳು ಹಿಂದುಸ್ತಾನಿ ಪದ್ಧತಿಯಲ್ಲಿ ಬೆಳೆಯಲೆಂದು ಆ ತಾಯಿ ತನ್ನ ಹಾಡನ್ನೇ ಹಿಂದಕ್ಕೆ ಸರಿಸಿಕೊಂಡಳು.

ಇಂದಿನ ಓದುಗರಿಗೆ ಈ ಪ್ರಯಾಣ ಸಾಮಾನ್ಯವೆಂದು ತೋರಬಹುದು. ಹುಬ್ಬಳ್ಳಿಯಿಂದ ಕುಂದಗೋಳ ಸುಮಾರು ಇಪ್ಪತ್ತು ಕಿಲೋಮೀಟರು. ಆದರೆ ಹಾಡುವ ಮನೆತನದಲ್ಲಿ ಹುಟ್ಟಿದ ಹೆಣ್ಣುಮಗಳು ಬೀದಿಯಲ್ಲಿ ನಡೆದರೆ 'ಗಾನೇವಾಲಿ' ಎಂದು ಜನ ಹಂಗಿಸುತ್ತಿದ್ದ ಕಾಲವದು. ಮನೆ-ಮಕ್ಕಳ ಹೊರೆ, ಹಣದ ಅಡಚಣೆ, ಊರಿನ ನಾಲಗೆ, ಎಲ್ಲವನ್ನೂ ಹುಬ್ಬಳ್ಳಿಯಲ್ಲಿ ಬಿಟ್ಟು ಸಂಜೆಯ ಗಾಡಿ ಹತ್ತಬೇಕು. ಗುರುಗಳ ಎದುರಿಗೆ ಕುಳಿತು ಒಂದೇ ಸ್ವರಸಮೂಹವನ್ನು ತಾಸುಗಟ್ಟಲೆ ತಿರುಗಿ ತಿರುಗಿ ಹೇಳಬೇಕು. ರಾತ್ರಿಯ ಗಾಡಿಗೆ ಮರಳಬೇಕು. ಆಗ ಆಕೆಯನ್ನು ನಿಲ್ದಾಣದವರೆಗೆ ಕಳಿಸಿಬರುತ್ತಿದ್ದವನು ಗುರುಗಳ ಮನೆಯಲ್ಲಿಯೇ ಇದ್ದ ಹದಿಹರೆಯದ ಇನ್ನೊಬ್ಬ ಶಿಷ್ಯ. ಆತ 'ಅಕ್ಕಾ' ಎನ್ನುತ್ತಿದ್ದ, ಆಕೆ 'ಭೀಮಣ್ಣಾ' ಎನ್ನುತ್ತಿದ್ದಳು. ಆ ಸಂಬೋಧನೆ ಇಬ್ಬರೂ ಲೋಕಪ್ರಸಿದ್ಧರಾದ ಮೇಲೂ ಬದಲಾಗಲಿಲ್ಲ.

ಗದಗಿನ ಭೀಮಸೇನ ಜೋಶಿಯ ಕಥೆ ಇನ್ನೊಂದು ಬಗೆಯ ರೈಲು ಪ್ರಯಾಣದ ಕಥೆ. ಹನ್ನೊಂದು ವರ್ಷದ ಬಾಲಕ ೧೯೩೩ರಲ್ಲಿ ಗುರುವನ್ನು ಹುಡುಕುತ್ತ ಮನೆ ಬಿಟ್ಟು, ಟಿಕೆಟ್ಟಿಲ್ಲದೆ, ಸಹಪ್ರಯಾಣಿಕರಿಗೆ ಹಾಡಿ ಹೊಟ್ಟೆ ಹೊರೆಯುತ್ತ ಗ್ವಾಲಿಯರ್, ಕಲಕತ್ತಾ, ದಿಲ್ಲಿಗಳನ್ನು ಸುತ್ತಿ ಪಂಜಾಬಿನ ಜಾಲಂಧರವನ್ನು ತಲುಪಿದ. ಅಲ್ಲಿ ಆತನಿಗೆ ಪಂಡಿತ ವಿನಾಯಕರಾವ ಪಟವರ್ಧನರು ಕೊಟ್ಟ ಬುದ್ಧಿವಾದ ಇಷ್ಟೇ: ನಿನ್ನ ಊರಿನ ಮಗ್ಗುಲಲ್ಲಿಯೇ ಸವಾಯಿ ಗಂಧರ್ವರಿರುವಾಗ ಇಷ್ಟು ದೂರ ಬಂದದ್ದೇಕೆ? ಹಿಂದುಸ್ತಾನವನ್ನೆಲ್ಲ ಸುತ್ತಿದ ಹುಡುಗನಿಗೆ ಗುರು ದೊರೆತದ್ದು ಮನೆಯಿಂದ ಕೆಲವೇ ಹರಿದಾರಿ ದೂರದಲ್ಲಿ. ಆತ ೧೯೩೬ರ ಸುಮಾರಿಗೆ ಕುಂದಗೋಳಕ್ಕೆ ಬಂದು, ನೀರು ಹೊತ್ತು, ಮನೆಗೆಲಸ ಮಾಡಿ, ಕಾದು, ೧೯೪೦ರವರೆಗೆ ಕಲಿತ.

ಅಷ್ಟು ವರ್ಷಗಳಲ್ಲಿ ಗುರುಗಳು ಮುಖ್ಯವಾಗಿ ಕಲಿಸಿದ್ದು ತೋಡಿ, ಮುಲ್ತಾನಿ, ಪೂರಿಯಾ ಎಂಬ ಮೂರು ರಾಗಗಳನ್ನು. ಕಾಲೇಜಿನ ಪಠ್ಯಕ್ರಮದ ಲೆಕ್ಕದಲ್ಲಿ ಇದು ಬಹಳ ಕಡಿಮೆ. ಆದರೆ ಆ ಆಯ್ಕೆಯಲ್ಲಿಯೇ ಪಾಠವಿದೆ. ತೋಡಿ ಮುಂಜಾವಿನದು, ಮುಲ್ತಾನಿ ಇಳಿಹೊತ್ತಿನದು, ಪೂರಿಯಾ ಸೂರ್ಯ ಮುಳುಗುವಾಗಿನದು. ತೋಡಿಗೂ ಮುಲ್ತಾನಿಗೂ ಸ್ವರಗಳು ಅವೇ: ಕೋಮಲ ರಿಷಭ, ಕೋಮಲ ಗಾಂಧಾರ, ತೀವ್ರ ಮಧ್ಯಮ, ಕೋಮಲ ಧೈವತ, ಶುದ್ಧ ನಿಷಾದ. ಅವೇ ಸ್ವರಗಳಿದ್ದರೂ ನಡಿಗೆ ಬೇರೆ, ನಿಲ್ಲುವ ಠಾವು ಬೇರೆ, ಮುಖಭಾವವೇ ಬೇರೆ. ಒಂದೇ ತಾಯಿಯ ಇಬ್ಬರು ಮಕ್ಕಳನ್ನು ಕತ್ತಲಲ್ಲಿ ದನಿಯಿಂದಲೇ ಗುರುತಿಸುವಷ್ಟು ಸೂಕ್ಷ್ಮ ಬಂದ ಮೇಲೆ ಉಳಿದ ರಾಗಗಳ ದಾರಿ ತಾನಾಗಿಯೇ ತೆರೆಯುತ್ತದೆ.

ಮುಂಬಯಿಯ ಪಾರಸಿ ತರುಣ ಫಿರೋಜ್ ದಸ್ತೂರರೂ ಇದೇ ಗುರುವಿನ ಶಿಷ್ಯರು. ಹೀಗೆ ಕೈರಾನಾದ ಮುಸಲ್ಮಾನ ಉಸ್ತಾದರ ವಿದ್ಯೆ ಕುಂದಗೋಳದ ಬ್ರಾಹ್ಮಣ ಶಿಷ್ಯನಿಗೆ, ಆತನಿಂದ ಹಂಗಿಸಿಕೊಂಡ ಹಾಡುಗಾರ್ತಿಯ ಮಗಳಿಗೆ, ಪಾರಸಿ ತರುಣನಿಗೆ, ಮನೆಬಿಟ್ಟ ಬಾಲಕನಿಗೆ ಹರಿಯಿತು. ಈ ತಾಲೂಕಿನ ಯಲಿವಾಳದಲ್ಲಿಯೇ ೧೯೧೭ರಲ್ಲಿ ಹುಟ್ಟಿದ ಬಸವರಾಜ ರಾಜಗುರುಗಳು ಪಂಚಾಕ್ಷರಿ ಗವಾಯಿಗಳ ಆಶ್ರಯದಲ್ಲಿ ಕಲಿತು ಇನ್ನೊಂದು ದೀಪ ಹಚ್ಚಿದರು. ಜಾತಿ-ಮತಗಳ ಗೆರೆ ಬಲವಾಗಿದ್ದ ಕಾಲದಲ್ಲಿ ಸ್ವರವು ಆ ಗೆರೆಗಳನ್ನು ದಾಟಿ ನಡೆದದ್ದು ಯಾವ ಭಾಷಣಕ್ಕಿಂತಲೂ ದೊಡ್ಡ ಸಂಗತಿ.

ಸವಾಯಿ ಗಂಧರ್ವರಿಗೆ ೧೯೪೨ರಲ್ಲಿ ಪಾರ್ಶ್ವವಾಯು ಬಡಿಯಿತು. ೧೯೫೨ರ ಸೆಪ್ಟೆಂಬರ್ ೧೨ರಂದು ಪುಣೆಯಲ್ಲಿ ಅವರು ತೀರಿಕೊಂಡರು. ಮರುವರ್ಷ ಭೀಮಸೇನ ಜೋಶಿಯವರು ಪುಣೆಯಲ್ಲಿ ಗುರುಗಳ ಹೆಸರಿನ ಉತ್ಸವವನ್ನು ತೊಡಗಿದರು. ಕುಂದಗೋಳವೂ ತನ್ನ ಮಗನನ್ನು ತನ್ನದೇ ರೀತಿಯಲ್ಲಿ ನೆನೆಯುತ್ತ ಬಂತು. ಪುಣೆಯ ಉತ್ಸವ ಬೆಳೆದು ಸಾವಿರಾರು ಜನರ ಮಂಟಪವಾಯಿತು. ಕುಂದಗೋಳದ್ದು ಮನೆಯ ಅಂಗಳದಲ್ಲಿಯೇ ಉಳಿಯಿತು.

ರಾತ್ರಿಯ ಪ್ರಹರಗಳು

ಉತ್ಸವದ ಸಂಜೆ ನಿಲ್ದಾಣದಿಂದಲೂ ಬಸ್ಸಿನಿಂದಲೂ ಇಳಿದವರ ಕೈಯಲ್ಲಿ ಒಂದೊಂದು ಹೊದಿಕೆ, ಒಂದೊಂದು ಬುತ್ತಿಯ ಗಂಟು ಕಾಣುತ್ತದೆ. ಹುಬ್ಬಳ್ಳಿ-ಧಾರವಾಡಗಳ ವಕೀಲರು, ಮಾಸ್ತರರು, ಬ್ಯಾಂಕಿನ ನೌಕರರು ಒಂದು ಕಡೆ. ಹೊಲದ ಕೆಲಸ ಮುಗಿಸಿ ಕೈಕಾಲು ತೊಳೆದು ಬಂದ ಸುತ್ತಣ ಹಳ್ಳಿಗಳ ಒಕ್ಕಲಿಗರು ಇನ್ನೊಂದು ಕಡೆ. ಮರದ ಕಂಬಗಳ ಹಳೆಯ ವಾಡೆಯೊಳಗೆ ಕಾಲಿಡುತ್ತಲೇ ಈ ಎರಡು ಕಡೆಗಳ ಭೇದ ಅಳಿಯುತ್ತದೆ. "ಬರ್ರಿ, ಹಿಂಗ ಸರದು ಕೂಡ್ರಿ" ಎಂದು ಜಾಗ ಬಿಡುವ ಮುದುಕನಿಗೆ ಬಂದವನ ಊರಾಗಲಿ ಹುದ್ದೆಯಾಗಲಿ ಬೇಕಿಲ್ಲ.

ಈ ಭಾಗದ ಬೈಠಕ್ಕುಗಳಿಗೆ ಹೆಸರಾದ ಹಾಸು ಜಮಖಾನ. ಅದರಲ್ಲಿಯೂ ಇದೇ ಜಿಲ್ಲೆಯ ನವಲಗುಂದದ ಜಮಖಾನಕ್ಕೆ ಬೇರೆಯೇ ಮರ್ಯಾದೆ. ಅಲ್ಲಿಯ ಹೆಣ್ಣುಮಕ್ಕಳು ಮನೆಯೊಳಗೆ ನೆಟ್ಟಗೆ ನಿಲ್ಲಿಸಿದ ಮಗ್ಗದಲ್ಲಿ ಹತ್ತಿಯ ನೂಲಿನಿಂದ ನವಿಲನ್ನೂ ಪಗಡೆಯ ಹಾಸನ್ನೂ ಎಳೆ ಎಳೆಯಾಗಿ ಮೂಡಿಸುತ್ತಾರೆ. ಭೌಗೋಳಿಕ ಸೂಚಿಯ ಮಾನ್ಯತೆ ದೊರೆತ ಕಸುಬು ಅದು. ಆದರೆ ಅದನ್ನು ನೇಯುವ ಕೈಗಳು ಈಗ ಬೆರಳೆಣಿಕೆಗೆ ಇಳಿದಿವೆ. ಅವಸರದಲ್ಲಿ ಆಗದ ಕೆಲಸಗಳಿಗೆಲ್ಲ ಈ ಕಾಲದಲ್ಲಿ ಬಂದ ಗತಿಯನ್ನು ಆ ಹಾಸೂ ಹೇಳುತ್ತದೆ.

ಗಾಯಕ ಬಂದು ಕುಳಿತೊಡನೆ ಹಾಡು ಆರಂಭವಾಗುವುದಿಲ್ಲ. ಮೊದಲು ತಂಬೂರಿಗಳು ಮೇಳಗೊಳ್ಳಬೇಕು. ಮಿರಜಿನ ಕುಶಲಿಗಳ ಕೈಯಲ್ಲಿ ದೊಡ್ಡ ಸೋರೆಬುರುಡೆಯಿಂದ ರೂಪುಗೊಂಡ ಆ ವಾದ್ಯಕ್ಕೆ ಇರುವುದು ನಾಲ್ಕೇ ತಂತಿ. ತಂತಿಗೂ ಕುದುರೆಗೂ ನಡುವೆ ಒಂದು ಹತ್ತಿಯ ಎಳೆ. ಆ ಎಳೆಯನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಿದಾಗ ನಾದಕ್ಕೆ ಒಮ್ಮೆಗೇ ಜೀವ ಬರುತ್ತದೆ; ಜೇನುಗೂಡಿನಂತೆ ಝೇಂಕರಿಸುತ್ತದೆ. ಹೊಸಬರು ಈ ಹೊತ್ತನ್ನು ಕಾಯುವ ಹೊತ್ತೆಂದು ತಿಳಿದು ಹರಟೆಗೆ ತೊಡಗುತ್ತಾರೆ. ಹಳಬರು ಆಗಲೇ ಕಣ್ಣು ಮುಚ್ಚಿರುತ್ತಾರೆ. ಅವರ ಪಾಲಿಗೆ ಬೈಠಕ್ಕು ಆರಂಭವಾಗಿ ಹೋಗಿದೆ.

ಸಂಜೆಯ ಮಬ್ಬಿಗೆ ಮಾರವಾ ಅಥವಾ ಪೂರಿಯಾ, ದೀಪ ಹಚ್ಚಿದ ಮೇಲೆ ಯಮನ್ ಅಥವಾ ಶುದ್ಧ ಕಲ್ಯಾಣ, ಊಟದ ಹೊತ್ತು ಕಳೆದ ಮೇಲೆ ಬಿಹಾಗ್, ನಡುರಾತ್ರಿಗೆ ದರಬಾರಿ, ಆಮೇಲೆ ಮಾಲಕಂಸ: ಹೀಗೆ ಒಬ್ಬರ ನಂತರ ಒಬ್ಬರು ಗಾಯಕರು ಕಾಲದ ಕೈಹಿಡಿದು ನಡೆಯುತ್ತಾರೆ. ಕಿರಾಣಾದವರ ವಿಲಂಬಿತ ಏಕತಾಲದಲ್ಲಿ ಹನ್ನೆರಡು ಮಾತ್ರೆಯ ಒಂದು ಆವರ್ತನ ಮುಗಿಯಲು ಕೆಲವೊಮ್ಮೆ ಮುಕ್ಕಾಲು ನಿಮಿಷವೇ ಹಿಡಿಯುತ್ತದೆ. ಅಷ್ಟು ಅಗಲವಾದ ಅಂಗಳದಲ್ಲಿ ಗಾಯಕನು ಒಂದೊಂದೇ ಸ್ವರವನ್ನು ಕೈಗೆತ್ತಿಕೊಂಡು, ತೊಳೆದು, ಒರೆಸಿ, ಬೆಳಕಿಗೆ ಹಿಡಿದು ತೋರಿಸುತ್ತಾನೆ. ಮೇಲಿನ ಷಡ್ಜಕ್ಕೆ ಏರುವ ಮುನ್ನ ಎಷ್ಟೋ ಸಲ ಅದರ ಬಾಗಿಲವರೆಗೆ ಹೋಗಿ ಮರಳುತ್ತಾನೆ. ಕಡೆಗೆ ದನಿ ಆ ಷಡ್ಜದ ಮೇಲೆ ನಿಂತಾಗ ವಾಡೆಯೆಲ್ಲ ಒಟ್ಟಾಗಿ ಬಿಡುವ ಒಂದು ಉಸಿರು ಕೇಳಿಸುತ್ತದೆ. "ಭಲೇ" ಎಂಬ ಮಾತು ಹೊರಡುವುದು ಆಮೇಲೆ.

ಎರಡು ಗಂಟೆಯ ಸುಮಾರಿಗೆ ನಿದ್ದೆಯ ಹಾವಳಿ. ಹೊರಗೆ ಚಹದ ಅಂಗಡಿಯಲ್ಲಿ ಸ್ಟೋವಿನ ಸದ್ದು. ಮಿರ್ಚಿ ಭಜಿಯ ವಾಸನೆ, ಚುರಮರಿಯ ಪೊಟ್ಟಣ, ಎಲೆ-ಅಡಿಕೆ. ಅಲ್ಲಿಯೂ ವಿಮರ್ಶೆ ನಿಲ್ಲುವುದಿಲ್ಲ. "ಅಂವ ಗಾಂಧಾರಕ್ಕ ಇನ್ನಷ್ಟು ಹೊತ್ತು ನಿಲ್ಲಬೇಕಿತ್ತು, ಗಡಬಡಿ ಮಾಡಿದಾ" ಎಂದು ತೀರ್ಪು ಕೊಡುವ ಹಿರಿಯನು ಸಂಗೀತ ಶಾಲೆಯ ಮೆಟ್ಟಿಲು ಹತ್ತಿರಲಾರ. ಆದರೆ ೧೯೫೦ರ ಜನವರಿಯಲ್ಲಿ ಧಾರವಾಡದ ಆಕಾಶವಾಣಿ ತೊಡಗಿದ ಮೇಲೆ ರೇಡಿಯೋದಲ್ಲಿ ಕೇಳಿದ್ದಾನೆ. ಗಂಗೂಬಾಯಿಯವರನ್ನು, ಭೀಮಸೇನರನ್ನು ಇದೇ ವಾಡೆಯಲ್ಲಿ ಮೊಣಕಾಲಿನ ದೂರದಲ್ಲಿ ಕೇಳಿದ ತಂದೆಯ ಮಗ್ಗುಲಲ್ಲಿ ಮಲಗಿ, ಅರೆನಿದ್ದೆಯಲ್ಲಿ ಬೆಳೆದಿದ್ದಾನೆ. ಗಾಯಕರನ್ನು ತಯಾರಿಸುವ ಶಾಲೆಗಳು ನಾಡಿನಲ್ಲಿ ಹಲವಿವೆ. ಕೇಳುಗನನ್ನು ತಯಾರಿಸುವ ಶಾಲೆ ಇಂಥ ಅಂಗಳವೊಂದೇ.

ಬಯಲಿನ ಸಂಗೀತ, ಅಂಗಳದ ಸಂಗೀತ

ನಗರದ ಮನೆಗಳ ಇಂದಿನ ತರುಣರು ರಾತ್ರಿಯ ಸಂಗೀತವೆಂದರೆ ನೆನೆಯುವುದು ಬೇರೊಂದು ದೃಶ್ಯವನ್ನು. ಬೆಂಗಳೂರಿನ ಅರಮನೆ ಮೈದಾನದಲ್ಲಿ ೨೦೦೩ರಲ್ಲಿ ರೋಲಿಂಗ್ ಸ್ಟೋನ್ಸ್, ೨೦೦೭ರಲ್ಲಿ ಐರನ್ ಮೇಡನ್, ೨೦೧೧ರಲ್ಲಿ ಮೆಟಾಲಿಕಾ ತಂಡಗಳು ಹಾಡಿದಾಗ ನಾಡಿನ ಮೂಲೆಮೂಲೆಗಳಿಂದ ಹುಡುಗರು ರಾತ್ರಿ ಬಸ್ಸು ಹಿಡಿದು ಹೋದರು. ಹಿರಿಯರು ಅದನ್ನು ಬರಿಯ ಗದ್ದಲವೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಒಂದು ದನಿಯನ್ನು ಎದುರಿಗೇ ಕೇಳಬೇಕೆಂದು ದೂರದಿಂದ ಬರುವ ಹಂಬಲ ಎರಡೂ ಕಡೆ ಒಂದೇ. ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಬೆಥೆಲ್ ಎಂಬಲ್ಲಿ, ೧೯೬೯ರ ಆಗಸ್ಟಿನಲ್ಲಿ, ಹೈನುಗಾರನೊಬ್ಬನ ಹೊಲದಲ್ಲಿ ನಡೆದ ವುಡ್‌ಸ್ಟಾಕ್ ಉತ್ಸವಕ್ಕೆ ನಾಲ್ಕು ಲಕ್ಷದಷ್ಟು ಜನ ನೆರೆದಿದ್ದರು. ಮೊದಲ ರಾತ್ರಿ ಮಳೆಯಲ್ಲಿ ಪಂಡಿತ ರವಿಶಂಕರರು ಅಲ್ಲಿ ಸಿತಾರ ನುಡಿಸಿದರು. ಕೆಸರಿನ ನಡುವಿನ ಆ ಅನುಭವ ತಮಗೆ ಹಿತವಾಗಲಿಲ್ಲವೆಂದು ಮುಂದೆ ಹೇಳಿದರು.

ಅಂತರವಿರುವುದು ದೂರದಲ್ಲಿ. ಬಯಲಿನ ಸಂಗೀತವು ಕಟ್ಟಕಡೆಯ ಕೇಳುಗನವರೆಗೆ ತಲುಪಲು ತನ್ನನ್ನು ಹಿಗ್ಗಿಸಿಕೊಳ್ಳುತ್ತದೆ. ಬೆಳಕು, ಪರದೆ, ಗೋಪುರದಂಥ ಧ್ವನಿವರ್ಧಕಗಳು ಅದರ ಅಂಗಗಳೇ ಆಗಿವೆ. ಅಂಗಳದ ಸಂಗೀತಕ್ಕೆ ಕೇಳುಗನೇ ಹತ್ತಿರ ಸರಿಯಬೇಕು. ಕೋಮಲ ರಿಷಭದ ಅಲುಗು, ಗಾಯಕ ಉಸಿರೆಳೆಯುವ ಸದ್ದು, ತಬಲದವನ ತುಟಿಯಂಚಿನ ನಗೆ, ಸಮಕ್ಕೆ ಬಂದಾಗ ಇಬ್ಬರ ಕಣ್ಣು ಕೂಡುವ ಕ್ಷಣ, ಇವು ಹತ್ತು ಮೊಳದಾಚೆ ಉಳಿಯಲಾರವು.

ಹತ್ತು ಗಂಟೆಯ ಗೆರೆ

ಈ ರಾತ್ರಿಗೆ ಒದಗಿದ ಕುತ್ತು ಯಾರ ದ್ವೇಷದಿಂದಲೂ ಬಂದದ್ದಲ್ಲ. ಶಬ್ದಮಾಲಿನ್ಯವನ್ನು ತಡೆಯಲು ೨೦೦೦ದಲ್ಲಿ ಬಂದ ಕೇಂದ್ರದ ನಿಯಮಗಳು ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ತೆರೆದ ಬಯಲಲ್ಲಿ ಧ್ವನಿವರ್ಧಕವನ್ನು ನಿಷೇಧಿಸಿವೆ. ವರ್ಷಕ್ಕೆ ಹದಿನೈದು ದಿನ ಮೀರದಂತೆ, ಉತ್ಸವದ ದಿನಗಳಲ್ಲಿ ನಡುರಾತ್ರಿಯವರೆಗೆ ವಿನಾಯಿತಿ ಕೊಡುವ ಅಧಿಕಾರ ರಾಜ್ಯ ಸರಕಾರಗಳಿಗುಂಟು. ಸರ್ವೋಚ್ಚ ನ್ಯಾಯಾಲಯವೂ ೨೦೦೫ರಲ್ಲಿ ಇದನ್ನು ಎತ್ತಿಹಿಡಿಯಿತು. ರೋಗಿಗಳು, ವೃದ್ಧರು, ಓದುವ ಮಕ್ಕಳು ಇರುವ ನಗರಕ್ಕೆ ಈ ಕಾನೂನು ಬೇಕಾದುದೇ. ಆದರೆ ಅದರ ಒಂದು ಪರಿಣಾಮವನ್ನು ಯಾರೂ ಎಣಿಸಿರಲಿಲ್ಲ. ಒಂದು ಕಾಲಕ್ಕೆ ಬೆಳಗಿನವರೆಗೆ ಸಾಗುತ್ತಿದ್ದ ಪುಣೆಯ ಉತ್ಸವ ರಾತ್ರಿ ಹತ್ತಕ್ಕೆ, ಅನುಮತಿ ದೊರೆತ ದಿನ ಹನ್ನೆರಡಕ್ಕೆ ಮುಗಿಯಬೇಕಾಯಿತು. ದೊಡ್ಡ ವೇದಿಕೆಗಳಿಂದ ನಡುರಾತ್ರಿಯಾಚೆಯ ರಾಗಗಳು ಮನೆ ಕಳೆದುಕೊಂಡವು.

ರಾಗಕ್ಕೂ ಕಾಲಕ್ಕೂ ಇರುವ ನಂಟು ಬರಿಯ ನಂಬಿಕೆಯೆಂದು ವಾದಿಸುವವರುಂಟು. ದಕ್ಷಿಣದ ಪದ್ಧತಿಯಲ್ಲಿ ಈ ಕಟ್ಟು ಇಷ್ಟು ಬಿಗಿಯಿಲ್ಲ. ಬೆಳಗಿನ ರಾಗವನ್ನು ಸಂಜೆ ಆರಕ್ಕೆ ಧ್ವನಿಮುದ್ರಿಕೆಯಲ್ಲಿ ಕೇಳಿದರೆ ಆಕಾಶವೇನೂ ಕಳಚಿ ಬೀಳದು. ಆದರೆ ಇಡೀ ರಾತ್ರಿ ಕುಳಿತವನ ಕಿವಿ ಬೇರೆ. ಯಮನ್, ಬಿಹಾಗ್, ದರಬಾರಿಗಳ ಮೂಲಕ ನಡೆದು, ನಿದ್ದೆಯೊಡನೆ ಹೋರಾಡಿ, ಚಳಿಗೆ ಹೊದಿಕೆ ಎಳೆದುಕೊಂಡು, ಕತ್ತಲು ಇನ್ನೇನು ತೆಳುವಾಗಬೇಕೆನ್ನುವಾಗ ಲಲಿತ ರಾಗದ ಎರಡು ಮಧ್ಯಮಗಳು ಒಂದಕ್ಕೊಂದು ಅಂಟಿಕೊಂಡು ಕೇಳಿಬಂದರೆ, ಅವು ಇರುಳು-ಬೆಳಕುಗಳ ಸಂಧಿಯಂತೆಯೇ ತೋರುತ್ತವೆ. ಆ ಅರ್ಥವನ್ನು ರಾಗಕ್ಕೆ ಕೊಟ್ಟದ್ದು ಹಿಂದೆ ಕಳೆದ ಇರುಳು. ಇರುಳನ್ನು ಕತ್ತರಿಸಿ ತೆಗೆದರೆ ಲಲಿತದ ಸ್ವರಗಳು ಉಳಿಯುತ್ತವೆ. ಅದಕ್ಕಾಗಿ ಕಾದ ಕಿವಿ ಉಳಿಯುವುದಿಲ್ಲ.

ಅಂಗಳದ ಬೈಠಕ್ಕಿಗೆ ಬಯಲಿನ ಗರ್ಜನೆಯ ಅಗತ್ಯವಿಲ್ಲವೆಂಬುದೇ ಕುಂದಗೋಳದ ಭಾಗ್ಯ. ಆದರೆ ಕಾನೂನಿಗಿಂತ ಸೂಕ್ಷ್ಮವಾದ ಅಪಾಯಗಳು ಬೇರೆಯಿವೆ. ರಾತ್ರಿಯಿಡೀ ಕೂಡುವ ಬಿಡುವು ಯಾರಿಗಿದೆ? ಮರುದಿನದ ಕಚೇರಿ, ಮಕ್ಕಳ ಪರೀಕ್ಷೆ, ಮೊಬೈಲಿನಲ್ಲಿ ಬೇಕೆಂದಾಗ ಸಿಗುವ ಹಾಡು, ಬೇಡೆಂದಾಗ ಬೆರಳಿನಿಂದ ಸರಿಸುವ ಸೌಕರ್ಯ. ಭೀಮಸೇನರ ತೋಡಿ ಇಂದು ಯಾರ ಜೇಬಿನಲ್ಲಾದರೂ ಇದೆ. ಆ ತೋಡಿಗಾಗಿ ನೀರು ಹೊತ್ತ ವರ್ಷಗಳು, ಅದರಲ್ಲಿ ಪಾಲಾದ ಕೇಳುಗರ ರಾತ್ರಿಗಳು ಮಾತ್ರ ಜೇಬಿಗೆ ಬರಲಾರವು.

ಗಂಗೂಬಾಯಿಯವರು ೨೦೦೯ರಲ್ಲಿ, ಭೀಮಸೇನರು ೨೦೧೧ರಲ್ಲಿ ತೀರಿಕೊಂಡರು. ಒಬ್ಬರಿಗೆ ಪದ್ಮವಿಭೂಷಣ, ಇನ್ನೊಬ್ಬರಿಗೆ ಭಾರತರತ್ನ ಸಂದ ಮೇಲೂ, ಗುರುವಿನ ಊರಿನ ಜಮಖಾನದ ಮೇಲೆ ಕುಳಿತಾಗ ಅವರು ಸಂಜೆಯ ಗಾಡಿಯ ಅಕ್ಕ, ನೀರು ಹೊತ್ತ ಭೀಮಣ್ಣ. ಬಿರುದುಗಳು ಅವರನ್ನು ದಿಲ್ಲಿಯಲ್ಲಿ ಎತ್ತರಕ್ಕೇರಿಸಿದವು. ಇಲ್ಲಿ ಅವರು ಕೇಳುಗರ ಸಮನೆಲದಲ್ಲಿಯೇ ಕುಳಿತರು. ಆ ಸಮನೆಲ ಉಳಿದರೆ ಮುಂದಿನವರು ಬಂದಾರು. ಅದು ಉಳಿಯುವುದು ಗಾಯಕರಿಂದಲ್ಲ. ಮನೆಯ ಮಕ್ಕಳನ್ನು ಒಂದು ಹೊದಿಕೆಯೊಡನೆ ಕರೆತಂದು, ನಿದ್ದೆ ಬಂದರೆ ತೊಡೆಯ ಮೇಲೆ ಮಲಗಿಸಿಕೊಂಡು, ಬೆಳಗಿನವರೆಗೆ ಕೂಡುವ ತಂದೆ-ತಾಯಿಯರಿಂದ.

ಕಡೆಯ ಭೈರವಿ ಮುಗಿಯುವ ಹೊತ್ತಿಗೆ ವಾಡೆಯ ಮಾಡಿನ ಮೇಲೆ ಬಿಸಿಲು ಬಿದ್ದಿರುತ್ತದೆ. ತಂಬೂರಿಗೆ ಗವಸು ತೊಡಿಸುತ್ತಾರೆ. ನಗರದವರು ಕಣ್ಣುಜ್ಜುತ್ತ ನಿಲ್ದಾಣದತ್ತ ಹೊರಡುತ್ತಾರೆ. ಊರಿನವರಿಗೆ ಆ ಪುರಸತ್ತಿಲ್ಲ. ಹಿಂಗಾರಿ ಬಿತ್ತನೆಯ ಹದ ಕಾಯುವುದಿಲ್ಲ. ಕೂರಿಗೆ ಹೂಡಿ ಎರೆಯ ಹೊಲಕ್ಕೆ ಹೊರಟ ಒಕ್ಕಲಿಗನೊಬ್ಬ ಎತ್ತುಗಳಿಗೆ "ಹೋ" ಎನ್ನುವಾಗ ಆ ದನಿ ತನಗರಿವಿಲ್ಲದಂತೆ ಷಡ್ಜದ ಮೇಲೆ ನಿಂತರೆ ಕುಂದಗೋಳದಲ್ಲಿ ಯಾರೂ ಆಶ್ಚರ್ಯಪಡುವುದಿಲ್ಲ.